ಸರಾಸರಿ ಹರಿವಿನ ಲೆಕ್ಕದಿಂದ ವಿವಿಧೋದ್ದೇಶ ಜಲಾಶಯದ ಕಾರ್ಯಸಾಧ್ಯತೆಯನ್ನು ನಿರ್ಧರಿಸಬಹುದೇ?

ಪ್ರಶ್ನೆ

ಕುಡಿಯುವ ನೀರು, ನೀರಾವರಿ, ಪ್ರವಾಹ ನಿಯಂತ್ರಣ ಮತ್ತು ಜಲವಿದ್ಯುತ್ ಈ ನಾಲ್ಕಕ್ಕೂ ಒದಗಬೇಕಾದ ಜಲಾಶಯವೊಂದರ ಪ್ರಾಥಮಿಕ ಕಾರ್ಯಸಾಧ್ಯತಾ ವರದಿಯನ್ನು ಅಭ್ಯಾಸಕ್ಕಾಗಿ ಸಿದ್ಧಪಡಿಸುತ್ತಿದ್ದೇನೆ. ನದಿಯ ಸರಾಸರಿ ಹರಿವು ಸೆಕೆಂಡಿಗೆ 40 ಘನ ಮೀಟರ್, ಜಲಾಶಯ ತುಂಬಿದಾಗ ಟರ್ಬೈನಿಗೆ ಸಿಗುವ ನೀರಿನ ಎತ್ತರ 60 ಮೀಟರ್, ಒಟ್ಟು ದಕ್ಷತೆ 88% ಎಂದಿಟ್ಟುಕೊಂಡರೆ 9.81 × 0.88 × 40 × 60 ಎಂಬ ಗುಣಾಕಾರದಿಂದ ಸುಮಾರು 20.7 ಮೆಗಾವಾಟ್, ಅಂದರೆ ವರ್ಷಕ್ಕೆ ಸುಮಾರು 18 ಕೋಟಿ ಯೂನಿಟ್ ವಿದ್ಯುತ್ ಬರುತ್ತದೆ. ಇದಕ್ಕೆ ನೀರಾವರಿಯ ಲಾಭವನ್ನೂ ಪ್ರವಾಹದಿಂದ ತಪ್ಪುವ ನಷ್ಟವನ್ನೂ ಕೂಡಿಸಿದಾಗ ಯೋಜನೆ ಬಹಳ ಲಾಭದಾಯಕವಾಗಿ ಕಾಣುತ್ತಿದೆ. ನನ್ನ ಬಳಿ 22 ವರ್ಷಗಳ ಹರಿವಿನ ದಾಖಲೆಯಿದೆ. ಈ ಕ್ರಮ ಸರಿಯೇ, ಮತ್ತು ಮುಂದೆ ಯಾವುದನ್ನು ಮೊದಲು ಪರಿಶೀಲಿಸಬೇಕು?

ಉತ್ತರ 1

ಗುಣಾಕಾರ ಸರಿಯಿದೆ, ಆದರೆ ಅದು ಎಂದಿಗೂ ನಡೆಯದ ವರ್ಷವೊಂದರ ಲೆಕ್ಕ. ವರ್ಷವಿಡೀ ಜಲಾಶಯ ತುಂಬಿರುತ್ತದೆ ಮತ್ತು ಒಳಹರಿವೆಲ್ಲವೂ ಟರ್ಬೈನಿನ ಮೂಲಕವೇ ಹೋಗುತ್ತದೆ ಎಂದು ನೀವು ಊಹಿಸಿದ್ದೀರಿ. ವಿದ್ಯುತ್ತಿಗೆ ಜಲಾಶಯ ತುಂಬಿರಬೇಕು, ಪ್ರವಾಹ ತಡೆಯಲು ಮಳೆಗಾಲಕ್ಕೆ ಮುನ್ನ ಅದರಲ್ಲಿ ಜಾಗ ಖಾಲಿ ಇರಬೇಕು, ನೀರಾವರಿಗೆ ಬೆಳೆ ಕೇಳಿದ ತಿಂಗಳಲ್ಲೇ ನೀರು ಬಿಡಬೇಕು. ಒಂದೇ ನೀರನ್ನು, ಒಂದೇ ಜಾಗವನ್ನು ಮೂರು ಖಾತೆಗೆ ಜಮೆ ಮಾಡಿದರೆ ಯಾವ ಜಲಾಶಯವೂ ಲಾಭದಾಯಕವಾಗಿಯೇ ಕಾಣುತ್ತದೆ.

ಆದ್ದರಿಂದ 22 ವರ್ಷಗಳ ದಾಖಲೆಯನ್ನು ತಿಂಗಳು ತಿಂಗಳಾಗಿ ಓಡಿಸಿ: ಹಿಂದಿನ ಸಂಗ್ರಹಕ್ಕೆ ಒಳಹರಿವನ್ನು ಕೂಡಿಸಿ, ಆವಿಯನ್ನೂ ಪ್ರತಿ ಬಳಕೆಗೆ ಬಿಟ್ಟ ನೀರನ್ನೂ ಕೋಡಿ ಹರಿದದ್ದನ್ನೂ ಕಳೆದು, ಉಳಿದ ಸಂಗ್ರಹದಿಂದ ಆ ತಿಂಗಳ ನೀರಿನ ಮಟ್ಟವನ್ನು ಪಡೆಯಬೇಕು. ನೀರಿನ ಎತ್ತರ 60ರಿಂದ 40 ಮೀಟರಿಗೆ ಇಳಿದರೆ ಅಷ್ಟೇ ಹರಿವಿನಲ್ಲಿ ನಿಮ್ಮ 20.7 ಮೆಗಾವಾಟ್ 13.8 ಆಗುತ್ತದೆ. ಬೇಸಿಗೆಯಲ್ಲಿ ಹರಿವೂ ಕುಗ್ಗುತ್ತದೆ, ಎತ್ತರವೂ ಕುಗ್ಗುತ್ತದೆ. ಆವಿಯಾಗುವ ನೀರನ್ನು ಹಲವರು ಅಲಕ್ಷಿಸುತ್ತಾರೆ, ಆದರೆ 20 ಚದರ ಕಿಲೋಮೀಟರ್ ಹರವಿನಿಂದ ವರ್ಷಕ್ಕೆ 1.5 ಮೀಟರ್ ಆವಿಯಾದರೆ ಹೋಗುವುದು 3 ಕೋಟಿ ಘನ ಮೀಟರ್, ಅಂದರೆ ಸೆಕೆಂಡಿಗೆ ಸುಮಾರು ಒಂದು ಘನ ಮೀಟರಿನ ನಿರಂತರ ಹರಿವು.

ನೀರಾವರಿ ಕಾಲುವೆಯ ತೂಬು ಎಲ್ಲಿದೆ ಎಂಬುದನ್ನೂ ಹೇಳಿ. ಟರ್ಬೈನಿನಿಂದ ಹೊರಬಂದ ನೀರು ಕಾಲುವೆಗೆ ಹೋಗುವಂತಿದ್ದರೆ ಎರಡು ಉದ್ದೇಶಗಳು ಜೊತೆಯಾಗಿ ಸಾಗುತ್ತವೆ. ಕಾಲುವೆ ನೇರವಾಗಿ ಜಲಾಶಯದ ದಡದಿಂದಲೇ ಹೊರಟರೆ ಅದರಲ್ಲಿ ಹೋದ ಪ್ರತಿ ಹನಿಯನ್ನೂ ವಿದ್ಯುತ್ತಿನ ಲೆಕ್ಕದಿಂದ ಕಳೆಯಬೇಕು.

ಉತ್ತರ 2

ಮೇಲಿನ ಮಾತಿಗೆ ಎರಡನ್ನು ಸೇರಿಸುತ್ತೇನೆ. 22 ವರ್ಷಗಳ ದಾಖಲೆಯಲ್ಲಿ ದೀರ್ಘ ಬರಗಾಲವೊಂದು ಸಿಕ್ಕಿದೆಯೇ ಎಂದು ನೋಡಿ. ಅಮೆರಿಕದ ಕೊಲೊರಾಡೊ ನದಿಯ ನೀರನ್ನು 1922ರ ಒಪ್ಪಂದದಲ್ಲಿ ಹಂಚಿದಾಗ ಆಧಾರವಾಗಿದ್ದುದು ಅಸಾಧಾರಣವಾಗಿ ನೀರು ಹರಿದ ವರ್ಷಗಳ ಅಳತೆ. ನದಿಯಲ್ಲಿ ಇಲ್ಲದ ನೀರನ್ನು ಕಾಗದದಲ್ಲಿ ಹಂಚಿದ ತೊಡಕು ಇಂದಿಗೂ ಬಗೆಹರಿದಿಲ್ಲ. ಭಾರತದ ಯೋಜನೆಗಳಲ್ಲಿ ನೀರಾವರಿಗೆ 75%, ಜಲವಿದ್ಯುತ್ತಿಗೆ 90% ಭರವಸೆಯ ಹರಿವನ್ನು (ನೂರರಲ್ಲಿ ಅಷ್ಟು ವರ್ಷಗಳಲ್ಲಿ ಕನಿಷ್ಠ ಸಿಗುವ ಹರಿವನ್ನು) ಹಿಡಿಯುವುದು ವಾಡಿಕೆ, ಕುಡಿಯುವ ನೀರಿಗೆ ಇನ್ನೂ ಹೆಚ್ಚು. ಸರಾಸರಿಯನ್ನು ಹಿಡಿಯುವುದಿಲ್ಲ.

ಎರಡನೆಯದು ಹೂಳು. ನನ್ನ ಅಭಿಪ್ರಾಯದಲ್ಲಿ ಪ್ರಾಥಮಿಕ ವರದಿಗಳ ಅತ್ಯಂತ ದುರ್ಬಲ ಅಧ್ಯಾಯ ಇದೇ. ಚೀನಾದ ಹಳದಿ ನದಿಗೆ ಕಟ್ಟಿದ ಸಾನ್‌ಮೆನ್‌ಶಿಯಾ ಜಲಾಶಯ 1960ರಲ್ಲಿ ನೀರು ತುಂಬಿಸಿಕೊಳ್ಳತೊಡಗಿ, ಕೆಲವೇ ವರ್ಷಗಳಲ್ಲಿ ಹೂಳಿನಿಂದ ತನ್ನ ಸಾಮರ್ಥ್ಯದ ದೊಡ್ಡ ಪಾಲನ್ನು ಕಳೆದುಕೊಂಡಿತು. ಮೇಲ್ಭಾಗದಲ್ಲಿ ನದಿಪಾತ್ರವೇ ಏರಿ, ಉಪನದಿ ವೈಹೆಯ ಕಣಿವೆಗೆ ಪ್ರವಾಹದ ಭೀತಿ ಬಂದಿತು. ಅಣೆಕಟ್ಟಿನ ತಳದ ತೂಬುಗಳನ್ನು ಮತ್ತೆ ತೆರೆದು, ಹೊಸ ಸುರಂಗಗಳನ್ನು ಕೊರೆದು, ಕೆಸರು ನೀರನ್ನು ಹರಿಯಬಿಟ್ಟು ತಿಳಿ ನೀರನ್ನು ಮಾತ್ರ ಹಿಡಿದಿಡುವ ಕ್ರಮಕ್ಕೆ ಬರಬೇಕಾಯಿತು. ವಿದ್ಯುತ್ತಿನ ಮೂಲ ಗುರಿಯನ್ನು ಬಹಳಷ್ಟು ಕೈಬಿಡಲಾಯಿತು. ಹೂಳೆಲ್ಲ ತಳದ ಡೆಡ್ ಸ್ಟೋರೇಜಿನಲ್ಲೇ (ತೂಬಿಗಿಂತ ಕೆಳಗಿದ್ದು ಬಳಕೆಗೆ ಬಾರದ ಭಾಗದಲ್ಲೇ) ಹೋಗಿ ಕೂರುತ್ತದೆ ಎಂಬ ಊಹೆಯೂ ಸುಳ್ಳು. ಒರಟು ಮರಳು ಹಿನ್ನೀರಿನ ತುದಿಯಲ್ಲೇ ನಿಂತು, ಬಳಕೆಗೆ ಬರುವ ಸಂಗ್ರಹವನ್ನು ಮೊದಲ ವರ್ಷದಿಂದಲೇ ತಿನ್ನತೊಡಗುತ್ತದೆ. ಆದ್ದರಿಂದ ತಿಂಗಳ ಲೆಕ್ಕವನ್ನು ಇಂದಿನ ಸಾಮರ್ಥ್ಯಕ್ಕೆ ಒಮ್ಮೆ, 50 ವರ್ಷಗಳ ನಂತರದ ಸಾಮರ್ಥ್ಯಕ್ಕೆ ಮತ್ತೊಮ್ಮೆ ಮಾಡಿ.

ಉತ್ತರ 3

ಕ್ರಮದ ಬಗ್ಗೆ ಕೇಳಿದ್ದೀರಿ. ಯೋಜನೆಯನ್ನೇ ಕೈಬಿಡಿಸಬಲ್ಲ ಸಂಗತಿಯನ್ನು ಮೊದಲು ನೋಡಬೇಕು, ಅದು ಸಾಮಾನ್ಯವಾಗಿ ಭೂವಿಜ್ಞಾನ. ಅಣೆಕಟ್ಟಿನ ಬುಡದ ಬಂಡೆ ಗಟ್ಟಿಯಿದ್ದರೆ ಸಾಲದು, ಜಲಾಶಯದ ಸುತ್ತಲಿನ ಇಳಿಜಾರುಗಳೂ ನಿಲ್ಲಬೇಕು. ಇಟಲಿಯ ವಾಯೊಂಟ್‌ನಲ್ಲಿ 1963ರ ಅಕ್ಟೋಬರ್ 9ರಂದು ಗುಡ್ಡದ ಬೃಹತ್ ಭಾಗವೊಂದು ಜಲಾಶಯಕ್ಕೆ ಜಾರಿತು. ಅಣೆಕಟ್ಟು ನಿಂತೇ ಇತ್ತು, ಅದರ ಮೇಲಿಂದ ಹಾರಿದ ಅಲೆಗೆ ಸುಮಾರು 2,000 ಜನ ಬಲಿಯಾದರು.

ಪ್ರಶ್ನೆ ಕೇಳಿದವರು

ಉತ್ತರಗಳಿಗೆ ಧನ್ಯವಾದಗಳು. ತಿಂಗಳ ಲೆಕ್ಕವನ್ನು ಹೊಸದಾಗಿ ಆರಂಭಿಸುತ್ತೇನೆ. ವೆಚ್ಚದ ಅಂದಾಜಿನಲ್ಲಿ ಅನಿಶ್ಚಿತತೆಗಾಗಿ 10% ಸೇರಿಸಿದ್ದೇನೆ. ಅಷ್ಟು ಸಾಕೇ?

ಉತ್ತರ 1ರ ಬರಹಗಾರರು

ಸಾಲದು. ಆಕ್ಸ್‌ಫರ್ಡ್ ಸಂಶೋಧಕರು 245 ದೊಡ್ಡ ಅಣೆಕಟ್ಟುಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಜವಾದ ವೆಚ್ಚ ಅಂದಾಜಿಗಿಂತ ಸರಾಸರಿ 96% ಹೆಚ್ಚಾಗಿತ್ತು. ವೆಚ್ಚವನ್ನು ಇಮ್ಮಡಿಗೊಳಿಸಿ, ಕಾಮಗಾರಿ ಕೆಲವು ವರ್ಷ ತಡವಾದರೆ ಏನಾಗುತ್ತದೆ ಎಂದೂ ನೋಡಿ, ಏಕೆಂದರೆ ವಿದ್ಯುತ್ತಿನ ಆದಾಯ ಮುಂದಕ್ಕೆ ಹೋದಷ್ಟೂ ಇಂದಿನ ಬೆಲೆಯಲ್ಲಿ ಅದು ಕರಗುತ್ತದೆ. ಪುನರ್ವಸತಿಯನ್ನು ವರದಿಯ ಕೊನೆಯ ಒಂದು ಸಾಲಿನ ಖರ್ಚಾಗಿ ತೋರಿಸಬೇಡಿ. ದೊಡ್ಡ ಅಣೆಕಟ್ಟುಗಳಿಂದ ಜಗತ್ತಿನಲ್ಲಿ 4ರಿಂದ 8 ಕೋಟಿ ಜನ ನೆಲೆ ಕಳೆದುಕೊಂಡಿದ್ದಾರೆ ಎಂದು ವಿಶ್ವ ಅಣೆಕಟ್ಟು ಆಯೋಗ 2000ರಲ್ಲಿ ಅಂದಾಜಿಸಿತ್ತು. ಮುಳುಗಡೆಯ ಹಳ್ಳಿಗಳ ಸಂಖ್ಯೆ ಅಣೆಕಟ್ಟಿನ ಎತ್ತರವನ್ನು ಅವಲಂಬಿಸಿರುವುದರಿಂದ, ಎತ್ತರವನ್ನು 5 ಮೀಟರ್ ತಗ್ಗಿಸಿದರೆ ಕಳೆದುಕೊಳ್ಳುವ ವಿದ್ಯುತ್ತೆಷ್ಟು, ಉಳಿಯುವ ಊರುಗಳೆಷ್ಟು ಎಂಬುದು ಮೊದಲ ಹಂತದಲ್ಲೇ ಕೇಳಬೇಕಾದ ಪ್ರಶ್ನೆ.

ಅದೇ ರೀತಿ ವಿದ್ಯುದಾಗಾರವನ್ನು ಕೈಬಿಟ್ಟು ಒಮ್ಮೆ ಲೆಕ್ಕ ಹಾಕಿ, ನೀರಾವರಿಯನ್ನು ಕೈಬಿಟ್ಟು ಮತ್ತೊಮ್ಮೆ ಹಾಕಿ. ಯಾವುದೋ ಒಂದು ಉದ್ದೇಶವನ್ನು ತೆಗೆದಾಗ ಉಳಿತಾಯವಾಗುವ ವೆಚ್ಚ ಅದರ ಲಾಭಕ್ಕಿಂತ ಹೆಚ್ಚಾಗಿದ್ದರೆ, ಆ ಉದ್ದೇಶವನ್ನು ಯೋಜನೆಯಲ್ಲಿ ಇಟ್ಟುಕೊಳ್ಳಲು ಕಾರಣವಿಲ್ಲ.