ವಾರದ ಧಾರಾವಾಹಿ, ಕಾಮಿಡಿ, ಹಾವಿನ ಕಥಿ: ಒಂದ ತಕ್ಕಡಿಯಾಗ ತೂಗೂದು ಹೆಂಗ?

ಗುಮ್ಮಟದ ನೆರಳು, ವಿಜಯಪುರ
ಓಣಿ ವಾಚನಾಲಯದ ಗೋಡೆಪತ್ರಿಕಿಗೆ ವಾರದ ಟಿವಿ ಮ್ಯಾಲ ಒಂದು ಪುಟ ಬರೀಬೇಕಾಗ್ಯಾದ. ಸೋಮವಾರದಿಂದ ಶುಕ್ರವಾರ ಒಂದು ಮನಿತನದ ಧಾರಾವಾಹಿ, ಒಂದು ನಾಗಿಣಿ ಕಥಿ. ಶನಿವಾರ-ರವಿವಾರ ಸ್ಕಿಟ್ ಕಾಮಿಡಿ. "ಭಾಳ ಎಳದಾರ" ಅಂತ ಬರದ್ರ ಒಂದ ಸಾಲಿಗೆ ಮುಗೀತದ. ಮುಂದ ಏನ್ ನೋಡ್ಬೇಕು?

ಕರದಂಟು, ಬಾಗಲಕೋಟಿ
ಮೊದ್ಲ ಗಡಿಯಾರ ಹಿಡೀರಿ. ತಾಸಿಗೆ ಹೆಚ್ಚಂದ್ರ 12 ನಿಮಿಷ ಜಾಹೀರಾತು ಅಂತ ಕೇಬಲ್ ಟಿವಿ ನಿಯಮ: 10 ವ್ಯಾಪಾರದ್ದು, 2 ಚಾನೆಲ್‌ನವರ ಸ್ವಂತದ್ದು. ಅಂದ್ರ ಅರ್ಧ ತಾಸಿನಾಗ ಉಳಿಯೂದು 24ರ ಆಜುಬಾಜು. ಅದರಾಗ ಶೀರ್ಷಿಕೆ ಹಾಡು, 'ಇಲ್ಲಿಯವರೆಗೆ', 'ಮುಂದಿನ ಸಂಚಿಕೆಯಲ್ಲಿ' ಕಳೀರಿ. ಒಂದ ಮಾರಿಗೆ ಮೂರು ಸಲ ಝೂಮ್ ಹೊಡದದ್ದನ್ನೂ ಬಿಡಬ್ಯಾಡ್ರಿ.

ಇನ್ನ ಎಳೆಯೂದು ಎಲ್ಲಿ ಅಂದ್ರ, ಗುಟ್ಟು ಒಂದ, ಮನ್ಯಾಗ ಮಂದಿ ಆರು. ಸೋಮವಾರ ಅತ್ತಿಗೆ ಗೊತ್ತಾತು, ಮಂಗಳವಾರ ನಾದಿನಿಗೆ, ಬುಧವಾರ ಅಡಗಿಯಾಕಿಗೆ. ಪ್ರತಿಯೊಬ್ರೂ ಹೊಸದಾಗಿ ಬೆಚ್ಚಿ ಬೀಳಬೇಕು! ಹಂಗಾಗಿ ವಹಿಯಾಗ ಎರಡ ಕಾಲಂ ಸಾಕು: ಯಾರಿಗೆ ಏನ್ ಗೊತ್ತಾತು, ಯಾರು ಏನ್ ಮಾಡಿದ್ರು. ಎರಡನೇದು ಐದೂ ದಿನ ಖಾಲಿ ಇದ್ರ ಆ ವಾರ ಹುಸಿ.

ಕುಂದಾ, ಬೆಳಗಾವಿ
ಕಾಮಿಡಿನ ಆ ಕಾಲಂನಾಗ ಹಾಕಬ್ಯಾಡ್ರಿ, ಅನ್ಯಾಯ ಆಗತೈತಿ. 'ಸಿಲ್ಲಿ ಲಲ್ಲಿ'ಯೊಳಗ ದವಾಖಾನಿ ಇತ್ತು. ಹೊಸ ಪೇಶಂಟ್ ಒಳಗ ಕಾಲಿಟ್ರ ಹೊಸ ಕಥಿ. ದಿನಾ ನಗಸೂ ಧಾರಾವಾಹಿಗೆ ಅಂಥಾದ್ದೊಂದು ಬಾಗಿಲ ಬೇಕ ಬೇಕು. ಸ್ಕಿಟ್‌ನ್ಯಾಗ ಬಾಗಿಲ ಇಲ್ಲ, ಬರೇ ಗಡುವು. ಪರೀಕ್ಷಾ ಹಿಂಗ ಮಾಡ್ರಿ: ತೀರ್ಪುಗಾರರು ಕುರ್ಚಿಯಿಂದ ಬೀಳೂಹಂಗ ನಗೂ ಶಾಟ್ ಬಂದಾಗ ಕಣ್ಣ ಮುಚ್ಚಿ ಮಾತಷ್ಟ ಕೇಳ್ರಿ. ಆಗೂ ನಗು ಬಂದ್ರ ಅದು ಬರದಾಂವಂದು.

ನಮ್ಮ ಕಡೆ ಪಾತ್ರ ಬಂದ್ರ ಕ್ರಿಯಾಪದ ಹಿಡೀರಿ. ಒಂದ ಉಸಿರಿನ್ಯಾಗ 'ಐತಿ', 'ಅದ', 'ಇದೆ' ಮೂರೂ ಬಂದ್ರ ಆ ಮನಿಶ್ಯಾ ಯಾವ ಊರಾಂವನೂ ಅಲ್ಲ. "ನೀ ಎಲ್ಲಿ ಹೋಗಿದ್ದಿ ರೀ" ಅನ್ನೂದಂತೂ ಯಾರ ಬಾಯಾಗೂ ಇಲ್ಲ. 'ನೀ' ಅಂದ ಮ್ಯಾಲ 'ರೀ' ಎಲ್ಲಿಂದ ಬರಬೇಕು? ಬೆಂಗಳೂರ ಮಾತಿಗೆ 'ಯಪ್ಪಾ', 'ಲೇ' ಒಗ್ಗರಣಿ ಹಾಕಿ ಉತ್ತರ ಕರ್ನಾಟಕ ಅಂತ ಬಡಸ್ತಾರ.

ಆಲಮಟ್ಟಿ 26
ಹಾವಿನ ಕಥಿಗೆ: ಹಾವು ನೆಲದ ಮ್ಯಾಲ ಇದ್ದಾಗ ಪಾಜ್ ಒತ್ತಿ ಚಿತ್ರ ನಿಲ್ಲಿಸಿ ಹೊಟ್ಟಿ ಕೆಳಗ ನೆರಳು ಹುಡುಕ್ರಿ. ನೆರಳಿಲ್ಲಂದ್ರ ಹಾವು ತೇಲಿದಂಗ ಕಾಣತದ. ಎರಡನೇದು ನಟಿ ಕಣ್ಣು. ಶೂಟಿಂಗ್‌ನ್ಯಾಗ ಎದುರಿಗೆ ಹಾವಿರೂದಿಲ್ಲ, ಗುರುತು ಇಟ್ಟ ಜಾಗ ತಪ್ಪಿದ್ರ ಆಕಿ ಹೆಡಿ ಬಿಟ್ಟು ಅದರ ಹಿಂದಿನ ಗ್ವಾಡಿಗೆ ಶಾಪ ಕೊಡ್ತಿರ್ತಾಳ. ಹೊಗಿ, ಕತ್ತಲ, ಮಿಂಚು ಯಾಕ ಅಷ್ಟು ಅಂದ್ರ ಇವನ್ನ ಮುಚ್ಚಾಕ. ಆದ್ರ ಗ್ರಾಫಿಕ್ಸ್ ಸಣ್ಣ ತಪ್ಪು. ಹಾವಿಗೆ ಏನ್ ಮಾಡಾಕ ಬರತದ, ಏನ್ ಬರೂದಿಲ್ಲ ಅನ್ನೂ ಕಟ್ಟಳಿ ಸೋಮವಾರ ಒಂದು, ಗುರುವಾರ ಒಂದು ಆದ್ರ ಅದ ದೊಡ್ಡದು. ಮೊದ್ಲ ಅದನ್ನ ಬರೀರಿ.

ಗುಮ್ಮಟದ ನೆರಳು
ಕಾಲಂ ಹಾಕೀನಿ. ಶುಕ್ರವಾರದ ಕಂತು ಮುಗಿದ ಕೂಡ್ಲೆ ಬರದು ಶನಿವಾರ ಹಚ್ಚಲ್ಯಾ?

ಕರದಂಟು, ಬಾಗಲಕೋಟಿ
ಬ್ಯಾಡ. ಸೋಮವಾರದ ಮೊದಲ ಐದು ನಿಮಿಷ ನೋಡಿ ಮಂಗಳವಾರ ಹಚ್ರಿ. ಶುಕ್ರವಾರ ಬಾಗಿಲ ಬಡದು ಎಲ್ಲಾರ ಎದಿ ಝಲ್ ಅನಿಸಿದಾಂವ ಸೋಮವಾರ ಹಾಲಿನಾಂವ ಆಗಿರ್ತಾನ.