ಇಂಪ್ಲಾಂಟ್ ಸುತ್ತ ವಸಡು ಬಾತು ರಕ್ತ ಬರ್ತದ: ಸರ್ಜರಿ ಇಲ್ಲದ ಏನೇನು ಮಾಡಬಹುದು?

ಶಹಾಪುರ ಕ್ಲಿನಿಕ್ (ಯಾದಗಿರಿ ಜಿಲ್ಲಾ):
36ನೇ ಹಲ್ಲಿನ (ಎಡಗಡೆ ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲು) ಜಾಗಕ್ಕ ಎಲುಬಿನ್ಯಾಗ ಕೂಡಿಸಿದ ಇಂಪ್ಲಾಂಟ್, ಸಿಮೆಂಟ್ ಹಚ್ಚಿ ಕೂಡಿಸಿದ ಕ್ಯಾಪ್, ಎರಡು ವರ್ಷದ್ದು. ಪ್ರೋಬ್ (ವಸಡಿನ ಆಳ ಅಳೆಯೋ ಕಡ್ಡಿ) ಹಾಕಿದ್ರ ನಾಲ್ಕು ಕಡೆ ರಕ್ತ, ಆಳ 5 ಮಿ.ಮೀ., ಕೀವು ಇಲ್ಲ. ಎಕ್ಸ್‌ರೇದಾಗ ಎಲುಬು ಕ್ಯಾಪ್ ಕೂಡಿಸಿದಾಗಿನ ಮಟ್ಟಕ್ಕೇ ಅದ. ಪೇಷಂಟ್‌ಗೆ ಶುಗರ್, ಮ್ಯಾಲ ಗುಟ್ಕಾ. ಇಲ್ಲಿರೋದು ಸ್ಟೀಲ್ ಟಿಪ್ಪಿನ ಅಲ್ಟ್ರಾಸಾನಿಕ್ ಸ್ಕೇಲರ್ ಒಂದೇ. ಅದನ್ನೇ ಬಳಸಲೇನ್ರಿ? ಆಂಟಿಬಯಾಟಿಕ್ ಬರೀಬೇಕಾ?

ಕಲಬುರಗಿ ಪೆರಿಯೊ (ವಸಡಿನ ತಜ್ಞರು):
ಎಲುಬು ಇಳಿದಿಲ್ಲ ಅಂದ್ರ ಇದು ಮ್ಯೂಕೊಸೈಟಿಸ್ (ಬರೀ ವಸಡಿನ ಉರಿಯೂತ) ರಿ, ಎಲುಬೂ ಸವೆಯೋ ಪೆರಿ-ಇಂಪ್ಲಾಂಟೈಟಿಸ್ ಅಲ್ಲ. ಬರೀ 5 ಮಿ.ಮೀ. ನೋಡಿ ಗಾಬರಿ ಬ್ಯಾಡ. ವಸಡು ದಪ್ಪ ಇದ್ದಲ್ಲಿ ಆರೋಗ್ಯ ಇದ್ದಾಗೂ ಅಷ್ಟು ಇರಬಹುದು. ಹಳೇ ಅಳತಿಗೆ ಹೋಲಿಸಿದ್ರನೇ ಅದಕ್ಕ ಅರ್ಥ. ಹಳೇ ದಾಖಲೆ ಇಲ್ಲದಿದ್ರ ವಸಡು-ಇಂಪ್ಲಾಂಟ್ ರೋಗಗಳ 2018ರ ವರ್ಗೀಕರಣ ಹಿಡೀರಿ: ರಕ್ತ, 6 ಮಿ.ಮೀ. ಅಥವಾ ಹೆಚ್ಚಿನ ಆಳ, 3 ಮಿ.ಮೀ. ಅಥವಾ ಹೆಚ್ಚಿನ ಎಲುಬಿನ ಸವೆತ, ಮೂರೂ ಕೂಡಿದ್ರ ಪೆರಿ-ಇಂಪ್ಲಾಂಟೈಟಿಸ್.

ಪ್ರೋಬ್ ಮ್ಯಾಲ 25 ಗ್ರಾಂ ಒತ್ತಡ ಸಾಕು. ಹಲ್ಲಿನ ಬೇರಿಗೆ ವಸಡಿನ ನಾರು ಅಡ್ಡಡ್ಡ ನೆಟ್ಟಿರ್ತಾವ, ಇಂಪ್ಲಾಂಟಿಗೆ ಹಂಗಿಲ್ಲ, ಗುಂಟ ಓಡ್ತಾವ. ಜೋರು ಒತ್ತಿದ್ರ ತುದಿ ಸೀದಾ ಒಳಗ ಜಾರಿ, ನಾವೇ ಚುಚ್ಚಿದ ರಕ್ತ ರೋಗದ ರಕ್ತ ಅನ್ನಿಸ್ತದ.

ಆಮ್ಯಾಲ ಸಿಮೆಂಟ್ ಹುಡುಕ್ರಿ. ಕ್ಯಾಪಿನ ಅಂಚಿನ ಕೆಳಗ ಉಳಿದ ಸಿಮೆಂಟ್ ಚೂರಿಗೆ ಪ್ಲಾಕ್ (ಬ್ಯಾಕ್ಟೀರಿಯಾದ ಅಂಟು ಪದರ) ಹಿಡಕೊಂಡು ಕೂತಿರ್ತದ. ಎಕ್ಸ್‌ರೇದಾಗ ಮುಂದ-ಹಿಂದಿನ ಪಕ್ಕ ಮಾತ್ರ ಕಾಣ್ತದ, ಗಲ್ಲದ ಕಡೆ, ನಾಲಿಗಿ ಕಡೆ ಇದ್ದದ್ದು ಕಾಣಂಗಿಲ್ಲ. ಕ್ಯಾಪ್ ಬಿಚ್ಚಲಿಕ್ಕೆ ಬಂದ್ರ ಬಿಚ್ಚೇ ನೋಡ್ರಿ. ಚೂರು ಒಳಗ ಬಿಟ್ಟು ಎಷ್ಟು ತೊಳೆದ್ರೂ ವಸಡು ಮತ್ತ ಬಾಯ್ತದ.

ಬೀದರ್ ನೌಬಾದಿನ ದಂತವೈದ್ಯರು:
ಸ್ಟೀಲ್ ಟಿಪ್ ಬ್ಯಾಡ್ರಿ. ಇಂಪ್ಲಾಂಟಿನ ಟೈಟಾನಿಯಂ ಅದಕ್ಕಿಂತ ಮೆತ್ತಗ, ಗೀರು ಬೀಳ್ತದ, ಗೀರಿನ್ಯಾಗ ಪ್ಲಾಕ್ ಕೂಡ್ತದ. ನಿಮ್ಮ ಮಷಿನ್ನಿಗೆ ಹೊಂದೋ ಪೀಕ್ ಪ್ಲಾಸ್ಟಿಕ್ ಟಿಪ್ ಕೊಳ್ರಿ, ಜೊತೆಗೊಂದು ಟೈಟಾನಿಯಂ ಕ್ಯುರೆಟ್ (ಕೈಲೇ ಕೆರೆಯೋ ಉಪಕರಣ). ಬರೀ ಪ್ಲಾಸ್ಟಿಕ್ ಕ್ಯುರೆಟ್ ಅಂದ್ರ ಗಟ್ಟಿ ಕಿಟ್ಟ ಬಿಡಂಗಿಲ್ಲ, ತುದಿ ಸವೆದು ಚೂರು ಒಳಗ ಉಳೀತಾವ.

ನೋವಿದ್ರ ಮರಗಟ್ಟಿಸಿ, ಕ್ಯುರೆಟ್ ಹಗುರಾಗಿ ಕೆಳಗಿಂದ ಮ್ಯಾಲಕ್ಕ ಎಳೀರಿ. ಏರ್-ಪಾಲಿಶರ್ (ಗಾಳಿ ಜೋರಿಲೆ ಪುಡಿ ಊದಿ ತೊಳೆಯೋ ಮಷಿನ್) ಇದ್ರ ಗ್ಲೈಸಿನ್ ಇಲ್ಲಾ ಎರಿಥ್ರಿಟಾಲ್ ಪುಡಿ, ಒಂದೊಂದು ಬದಿಗೆ ಸುಮಾರು 5 ಸೆಕೆಂಡ್, ನಾಜಲ್ ಆಡಿಸ್ತಾನೇ ಇರಬೇಕು. ಸೋಡಾ ಪುಡಿ ವಸಡಿನ ಒಳಗ ಬ್ಯಾಡ, ಒರಟು. ವಸಡಿನ ಮ್ಯಾಲಿಗಂತ ಇರೋ ನಾಜಲ್ ಪಾಕೆಟ್‌ನ್ಯಾಗ ತುರುಕಿದ್ರ ಗಾಳಿ ಚರ್ಮದಡಿ ನುಗ್ಗಿ ಗಲ್ಲ ಬಾಯ್ತದ, ಮುಟ್ಟಿದ್ರ ಚರಚರ ಅಂತದ. ಕೊನೀಗೆ ಸಲೈನ್‌ಲೆ ತೊಳೀರಿ.

ಆಂಟಿಬಯಾಟಿಕ್ ಗುಳಿಗಿ ಬೇಕಿಲ್ಲ, ಯುರೋಪಿಯನ್ ಪೆರಿಯೊ ಫೆಡರೇಶನ್ನಿನ 2023ರ ಮಾರ್ಗಸೂಚಿನೂ ಅದನ್ನೇ ಹೇಳ್ತದ.

ಶಹಾಪುರ ಕ್ಲಿನಿಕ್:
ಗಲ್ಲದ ಕಡೆ ಗಟ್ಟಿ ವಸಡು 1 ಮಿ.ಮೀ. ಅಷ್ಟೇ ಅದ. ಬ್ರಷ್ ತಾಗಿದ್ರ ನೋವು ಅಂತಾರ, ಅದಕ್ಕೇ ಅಲ್ಲಿ ತಿಕ್ಕಂಗಿಲ್ಲ.

ಕಲಬುರಗಿ ಪೆರಿಯೊ:
ಅದೇ ತೊಡಕು ನೋಡ್ರಿ. 2 ಮಿ.ಮೀ.ಗಿಂತ ಕಡಿಮಿ ಇದ್ದಲ್ಲಿ ಇದು ಮಾಮೂಲು. ಸಣ್ಣ ತಲೀ ಮೆತ್ತನ ಸಿಂಗಲ್-ಟಫ್ಟ್ ಬ್ರಷ್ ಕೊಟ್ಟು, ಕನ್ನಡಿ ಮುಂದ ಅವ್ರ ಕೈಲೇ ಮಾಡಿಸಿ ನೋಡ್ರಿ. ಪಕ್ಕಕ್ಕ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರೋ ಇಂಟರ್‌ಡೆಂಟಲ್ ಬ್ರಷ್. ಕ್ಯಾಪ್ ಉಬ್ಬಾಗಿ ಬ್ರಷ್ ಹೋಗಂಗಿಲ್ಲ ಅಂದ್ರ ಕ್ಯಾಪಿನ ಆಕಾರನೇ ತಿದ್ದಬೇಕು, ಪೇಷಂಟ್‌ನ ಬೈದ್ರ ಉಪಯೋಗಿಲ್ಲ. ಎಲ್ಲಾ ಮಾಡಿನೂ ತಿಕ್ಕಲಿಕ್ಕೆ ಆಗಲಿಲ್ಲ ಅಂದಾಗ ಅಂಗುಳದಿಂದ ವಸಡು ತಗದು ಗ್ರಾಫ್ಟ್ ಹಾಕೋ ಮಾತು.

0.2% ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ. ದಿನಕ್ಕ ಎರಡು ಸಲ, ಒಂದು ನಿಮಿಷ, ಎರಡೇ ವಾರ. ಪೇಸ್ಟ್ ಆದ ಮ್ಯಾಲ ಅರ್ಧ ತಾಸು ಬಿಟ್ಟು. ಮುಂದುವರಿಸಿದ್ರ ಹಲ್ಲು ಕಂದಾಗ್ತಾವ, ಜೋಳದ ರೊಟ್ಟಿ ರುಚೀನೂ ಹೋಗ್ತದ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷಾ) ಮಾಡಿಸ್ರಿ, ಗುಟ್ಕಾ ಬಿಡಿಸ್ರಿ.

2-3 ತಿಂಗಳಿಗೆ ಮತ್ತ ಪ್ರೋಬ್. ರಕ್ತ ಹೆಚ್ಚಂದ್ರ ಒಂದೇ ಬಿಂದುವಿನ್ಯಾಗ, ಕೀವು ಇಲ್ಲ ಅಂದ್ರ ಗೆದ್ದಂಗ. ಆಮ್ಯಾಲ 3ರಿಂದ 6 ತಿಂಗಳಿಗೊಮ್ಮಿ ಕರೀರಿ. ಇಲ್ಲಾ ಅಂದ್ರ ಮೊದಲು ಕ್ಯಾಪ್ ಬಿಚ್ಚಿ ಸಿಮೆಂಟ್ ಹುಡುಕ್ರಿ, ಹೊಸ ಎಕ್ಸ್‌ರೇ ತಗೀರಿ.