ಅಮ್ಮನ ಶುಗರ್ ರೀಡಿಂಗ್ ಡಾಕ್ಟರಿಗೆ ಸರಿಯಾಗಿ ತಲುಪಿಸೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮ್ಮಂಗೆ 74 ವರ್ಷ, ತೀರ್ಥಹಳ್ಳಿ ಹತ್ರ ಹಳ್ಳೀಲಿ ಒಬ್ಬರೇ ಇದಾರೆ, ನಾನು ಬೆಂಗಳೂರಲ್ಲಿ. ತಿಂಗಳಿಗೊಂದ್ಸಲ ಪಕ್ಕದ್ಮನೆ ಹುಡುಗನ ಫೋನಲ್ಲಿ ಡಾಕ್ಟರ್ ವಿಡಿಯೋ ಕಾಲ್ ಮಾಡಿ ನೋಡ್ತಾರೆ, ಆದ್ರೆ ಅಮ್ಮ ಕ್ಯಾಲೆಂಡರ್ ಹಿಂದೆ ಬರೀ 212, 98, 240 ಅಂತ ಬರೆದಿಟ್ಟಿರ್ತಾರೆ, ತಿಂಡಿಗೆ ಮುಂಚೆನೋ ಆಮೇಲೋ ಗೊತ್ತಾಗಲ್ಲ, ಹಲಸಿನಹಣ್ಣು ಬಿಡಿಸಿ ಕೈ ತೊಳೀದೆ ಚುಚ್ಕೊಂಡ್ರೂ ಜಾಸ್ತಿ ತೋರಿಸುತ್ತೆ. ಹೋದ ವಾರ ರಾತ್ರಿ 62ಕ್ಕೆ ಇಳಿದು ಮೈಯೆಲ್ಲ ಬೆವರಿ, ಬೆಲ್ಲ ತಿಂದು ಸುಧಾರಿಸ್ಕೊಂಡ್ರು, ಆಮೇಲಿಂದ ನಂಗೆ ನಿದ್ದೆನೇ ಇಲ್ಲ. ಹೀಗಿರೋವಾಗ ಇನ್ಸುಲಿನ್ ಡೋಸ್ ಬದಲಾಯಿಸೋಕೆ ಡಾಕ್ಟರ್ ಒಪ್ತಿಲ್ಲ. ರೀಡಿಂಗ್ ತಾನಾಗೇ ಸ್ಮಾರ್ಟ್‌ಫೋನಿಗೆ ಕಳಿಸೋ ಬ್ಲೂಟೂತ್ ಮೀಟರ್ ತಂದ್ಕೊಟ್ಟೆ, ಅಮ್ಮಂದು ಬಟನ್ ಫೋನು, ಉಪಯೋಗ ಆಗ್ಲಿಲ್ಲ.

ಆರೋಗ್ಯ ಉಪಕೇಂದ್ರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಹತ್ರ ಹೋದ್ರೆ ಅಲ್ಲೇ ಚೆಕ್ ಮಾಡಿ ಇ-ಸಂಜೀವಿನಿ ಅನ್ನೋ ಸರ್ಕಾರದ ಆನ್‌ಲೈನ್ ಸೇವೆಯಲ್ಲಿ ಡಾಕ್ಟರ್ ಜೊತೆ ಮಾತಾಡಿಸ್ತಾರಂತೆ. ಯಾರಾದ್ರೂ ವಯಸ್ಸಾದವರಿಗೆ ಹಾಗೆ ಮಾಡಿಸಿದೀರಾ? ಇಲ್ಲಾಂದ್ರೆ ಬಟನ್ ಫೋನ್ ಇಟ್ಕೊಂಡೇ ಊಟಕ್ಕೆ ಮುಂಚಿಂದು, ಆಮೇಲಿಂದು ಬೇರೆ ಬೇರೆಯಾಗಿ ಡಾಕ್ಟರಿಗೆ ತಲುಪಿಸೋಕೆ ನೀವು ಏನ್ಮಾಡ್ತಿದೀರಾ?